ಬಾಟಮ್ ಬ್ರಾಕೆಟ್‌ಗೆ ಟ್ಯಾಪ್ ಹಾಕೋದು, ಫೇಸಿಂಗ್ ಮಾಡೋದು: ಯಾಕೆ, ಹೇಗೆ?

ಸೈಕಲ್ಲಿಗೆ ಹೊಸ ಬಾಟಮ್ ಬ್ರಾಕೆಟ್, ಅಂದರೆ ಪೆಡಲ್‌ನ ಕ್ರ್ಯಾಂಕ್ ತಿರುಗುವ ಬೇರಿಂಗ್ ಜೋಡಣೆ, ಹಾಕಿಸಿ ಕೆಲವೇ ತಿಂಗಳು. ಅಷ್ಟರಲ್ಲೇ ಮತ್ತೆ ಕಟಕಟ ಸದ್ದು. ಚೈನ್ ಬಿಚ್ಚಿ ಕ್ರ್ಯಾಂಕ್ ತಿರುಗಿಸಿ ನೋಡಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಲೀಸು. ಬೇರಿಂಗೇ ಕಳಪೆ ಇರಬೇಕು ಅಂತ ಬೇರೆ ಕಂಪನಿಯದ್ದು ಹಾಕಿಸಿದರೂ ಅದೇ ಕಥೆ. ಒಂದೇ ಫ್ರೇಮ್ ಎರಡು ಮೂರು ಒಳ್ಳೆ ಬೇರಿಂಗ್‌ಗಳನ್ನು ತಿಂದು ಹಾಕಿದರೆ ಬೇರಿಂಗ್ ಮೇಲೆ ಅನುಮಾನ ಪಡೋದನ್ನು ಬಿಡಬೇಕು. ಅದನ್ನು ಕೂರಿಸಿರುವ ಜಾಗವನ್ನು ನೋಡಬೇಕು.

ಆ ಜಾಗಕ್ಕೆ ಬಾಟಮ್ ಬ್ರಾಕೆಟ್ ಶೆಲ್ ಅಂತಾರೆ. ಸೀಟ್ ಟ್ಯೂಬ್, ಡೌನ್ ಟ್ಯೂಬ್, ಹಿಂದಿನ ಚಕ್ರಕ್ಕೆ ಹೋಗುವ ಎರಡು ಚೈನ್ ಸ್ಟೇಗಳು, ಎಲ್ಲವೂ ಬಂದು ಸೇರುವ ಅಡ್ಡ ಕೊಳವೆ ಅದು. ಅದರ ಎರಡೂ ತುದಿಯಲ್ಲಿ ಒಳಗಡೆ ಥ್ರೆಡ್ ಇರುತ್ತದೆ. ಆ ಥ್ರೆಡ್‌ಗೆ ಎಡಕ್ಕೊಂದು, ಬಲಕ್ಕೊಂದು ಕಪ್ ತಿರುಗಿಸಿ ಕೂರಿಸುತ್ತಾರೆ. ಕಪ್‌ಗಳಲ್ಲಿ ಬೇರಿಂಗ್, ಬೇರಿಂಗ್‌ಗಳ ನಡುವೆ ಆಕ್ಸಲ್, ಆಕ್ಸಲ್ ತುದಿಗಳಿಗೆ ಕ್ರ್ಯಾಂಕ್. ನಾವು ತುಳಿಯುವ ಬಲವೆಲ್ಲ ಈ ಗೇಣುದ್ದವೂ ಇಲ್ಲದ ಕೊಳವೆಯ ಮೂಲಕವೇ ಹಾದುಹೋಗಬೇಕು.

ಈ ಶೆಲ್‌ನಿಂದ ನಮಗೆ ಬೇಕಾಗಿರೋದು ಎರಡೇ. ಒಂದು, ಎರಡು ತುದಿಯ ಥ್ರೆಡ್‌ಗಳೂ ಒಂದೇ ನೇರ ಗೆರೆಯ ಸುತ್ತ ಕತ್ತರಿಸಿರಬೇಕು. ಎರಡು, ಶೆಲ್‌ನ ಎರಡು ಮುಖಗಳು, ಅಂದರೆ ಕಪ್‌ನ ಅಂಚು ಬಂದು ಒತ್ತುವ ಆ ರಿಂಗಿನಂಥ ಜಾಗಗಳು, ಅದೇ ಗೆರೆಗೆ ಸರಿಯಾಗಿ 90 ಡಿಗ್ರಿಯಲ್ಲಿ ಇರಬೇಕು. ಮೊದಲನೆಯದನ್ನು ಸಾಧಿಸೋದು ಟ್ಯಾಪ್, ಅಂದರೆ ಒಳಗಡೆ ಥ್ರೆಡ್ ಕತ್ತರಿಸುವ ಸಾಧನ. ಎರಡನೆಯದನ್ನು ಸಾಧಿಸೋದು ಫೇಸಿಂಗ್ ಕಟರ್, ಅಂದರೆ ಮುಖವನ್ನು ಕೆರೆದು ಸಮ ಮಾಡುವ ಸಾಧನ. ಎರಡರಲ್ಲೂ ಹಲ್ಲು ಕಣ್ಣಿಗೆ ಹೊಡೆಯುತ್ತದೆ, ನಿಜ. ಆದರೆ ಈ ಸಾಧನಗಳ ಜೀವ ಇರೋದು ನಡುವೆ ಹಾದುಹೋಗುವ ಗೈಡ್ ಶಾಫ್ಟ್‌ನಲ್ಲಿ. ಮುಂದೆ ಹೇಳುವ ಬಹುಪಾಲು ವಿಷಯ ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

ಕೆಡೋದು ಹೇಗೆ?

ಫ್ರೇಮ್ ಕಟ್ಟುವವರಿಗೆ ಶೆಲ್ ಸಾಮಾನ್ಯವಾಗಿ ಮೊದಲೇ ಥ್ರೆಡ್ ಹಾಕಿದ ಬಿಡಿ ಭಾಗವಾಗಿ ಬರುತ್ತದೆ. ಬಂದಾಗ ಅದು ಸರಿಯಾಗಿಯೇ ಇರುತ್ತದೆ. ಆಮೇಲೆ ಅದಕ್ಕೆ ಟ್ಯೂಬ್‌ಗಳನ್ನು ವೆಲ್ಡ್ ಅಥವಾ ಬ್ರೇಜ್ ಮಾಡುತ್ತಾರೆ. ಕಾದ ಲೋಹ ತಣ್ಣಗಾಗುವಾಗ ಕುಗ್ಗುತ್ತದೆ, ಕುಗ್ಗುವಾಗ ತನ್ನ ಕಡೆಗೆ ಎಳೆಯುತ್ತದೆ. ಒಂದು ಬದಿಯಲ್ಲಿ ಟ್ಯೂಬ್ ಇದೆ, ಇನ್ನೊಂದು ಬದಿ ಖಾಲಿ. ಹಾಗಾಗಿ ಎಳೆತ ಎಲ್ಲ ಕಡೆ ಒಂದೇ ಸಮ ಇರೋದಿಲ್ಲ. ದುಂಡಗಿದ್ದ ಶೆಲ್ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮುಖಗಳು ಕೂದಲೆಳೆಯಷ್ಟು ವಾಲುತ್ತವೆ. ಕಣ್ಣಿಗೆ ಏನೂ ಕಾಣಿಸಲ್ಲ.

ಅದರ ಮೇಲೆ ಬಣ್ಣ. ಪೌಡರ್ ಕೋಟಿಂಗ್ ಮಾಡುವಾಗ ಥ್ರೆಡ್‌ಗಳನ್ನು ಮುಚ್ಚಿಡಬೇಕು, ಮುಖಗಳನ್ನೂ ಮುಚ್ಚಬೇಕು. ಎಷ್ಟೋ ಸಲ ಮುಚ್ಚಿರೋದಿಲ್ಲ, ಅಥವಾ ಅರ್ಧಂಬರ್ಧ ಮುಚ್ಚಿರುತ್ತಾರೆ. ಹಳೆ ಸೈಕಲ್ ಆದರೆ ಬಣ್ಣದ ಜಾಗದಲ್ಲಿ ತುಕ್ಕು. ಸೀಟ್ ಟ್ಯೂಬ್ ಒಳಗಿಂದ ಇಳಿದ ನೀರು ನಿಲ್ಲೋದು ಶೆಲ್‌ನಲ್ಲೇ ಅಲ್ವಾ. ಇನ್ನು ಯಾರೋ ಅವಸರದಲ್ಲಿ ಕಪ್ಪನ್ನು ಓರೆಯಾಗಿ ಹಿಡಿದು ಸ್ಪ್ಯಾನರ್ ಹಾಕಿ ತಿರುಗಿಸಿಬಿಟ್ಟಿದ್ದರಂತೂ ಮೊದಲ ಒಂದೆರಡು ಸುತ್ತಿನ ಥ್ರೆಡ್ ಹಾಳಾಗಿರುತ್ತದೆ.

ಮೊದಲೆಲ್ಲ ಈ ಸಣ್ಣಪುಟ್ಟ ವಾಲುವಿಕೆ ಅಷ್ಟಾಗಿ ಬಾಧಿಸುತ್ತಿರಲಿಲ್ಲ. ಹಳೆ ಕಪ್ ಮತ್ತು ಕೋನ್ ವ್ಯವಸ್ಥೆಯಲ್ಲಿ ಬಿಡಿ ಬಾಲ್‌ಗಳು ಆಕ್ಸಲ್ ಸ್ವಲ್ಪ ಓರೆಯಾದರೂ ಹೊಂದಿಕೊಳ್ಳುತ್ತಿದ್ದವು. ಸೀಲ್ಡ್ ಕಾರ್ಟ್ರಿಡ್ಜ್ ಯುನಿಟ್ ಬಂದಾಗಲೂ ಎರಡು ಬೇರಿಂಗ್‌ಗಳು ಒಂದೇ ಉಕ್ಕಿನ ಕೊಳವೆಯೊಳಗೆ ಭದ್ರವಾಗಿ ಕೂತಿರುತ್ತಿದ್ದವು. ಶೆಲ್ ಚೂರು ಸೊಟ್ಟಗಿದ್ದರೂ ಅವೆರಡರ ನಡುವಿನ ಸಾಲು ಕೆಡುತ್ತಿರಲಿಲ್ಲ. 2000ರ ದಶಕದಲ್ಲಿ ಶಿಮಾನೊದ ಹಾಲೋಟೆಕ್ 2ರಂಥ ವ್ಯವಸ್ಥೆಗಳು ಬಂದ ಮೇಲೆ ಲೆಕ್ಕ ಬದಲಾಯಿತು. ಅದರಲ್ಲಿ ಬೇರಿಂಗ್ ಶೆಲ್‌ನ ಹೊರಗೆ ಇರುತ್ತದೆ, 24 ಮಿ.ಮೀ. ದಪ್ಪದ ಟೊಳ್ಳು ಆಕ್ಸಲ್ ಎರಡರಲ್ಲೂ ಹಾದುಹೋಗುತ್ತದೆ. ಎಡ ಬೇರಿಂಗ್‌ಗೂ ಬಲ ಬೇರಿಂಗ್‌ಗೂ ನೇರ ಸಂಬಂಧವೇ ಇಲ್ಲ. ಅವೆರಡನ್ನೂ ಒಂದೇ ಸಾಲಿನಲ್ಲಿ ಹಿಡಿದಿಡುವ ಪೂರ್ತಿ ಜವಾಬ್ದಾರಿ ಫ್ರೇಮ್‌ನದ್ದು.

ಒಂದು ಸಣ್ಣ ಲೆಕ್ಕ ಹಾಕೋಣ. ಶೆಲ್‌ನ ಹೊರವ್ಯಾಸ ಸುಮಾರು 40 ಮಿ.ಮೀ. ಅಂತಿಟ್ಟುಕೊಳ್ಳಿ. ಮುಖದ ಒಂದು ಬದಿ ಇನ್ನೊಂದು ಬದಿಗಿಂತ ಬರೀ 0.2 ಮಿ.ಮೀ. ಎತ್ತರ ಇದೆ. ಕಪ್ ಆ ಮುಖಕ್ಕೆ ತಕ್ಕಂತೆ ವಾಲಿದರೆ, ಅದರ ನೋಟ 68 ಮಿ.ಮೀ. ಆಚೆಗಿನ ಇನ್ನೊಂದು ತುದಿಯಲ್ಲಿ ಸುಮಾರು 0.34 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಮೂರನೇ ಒಂದು ಮಿಲಿಮೀಟರ್ ಅಂದರೆ ಮರಗೆಲಸದಲ್ಲಿ ಏನೂ ಅಲ್ಲ. ಬೇರಿಂಗ್ ಲೋಕದಲ್ಲಿ ಅದು ದೊಡ್ಡದು. ಥ್ರೆಡ್ ಕಪ್ಪನ್ನು ನೇರ ಹಿಡಿಯುತ್ತದಲ್ಲ ಅಂತ ಕೇಳಬಹುದು. ಹಿಡಿಯುತ್ತದೆ, ಆದರೆ ಯಾವ ಥ್ರೆಡ್‌ನಲ್ಲೂ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಈ ಕಪ್‌ಗಳನ್ನು 35ರಿಂದ 50 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ ಬಿಗಿಯುವಾಗ ಅಂಚು ಮುಖಕ್ಕೆ ಒತ್ತಿಕೊಳ್ಳುತ್ತದೆ. ಕೊನೆಗೆ ಕಪ್ ಯಾವ ಕಡೆ ನೋಡಬೇಕು ಅಂತ ತೀರ್ಮಾನಿಸೋದು ಹೆಚ್ಚಾಗಿ ಆ ಮುಖವೇ.

ಯಾವ ಥ್ರೆಡ್, ಯಾವ ಕಡೆಗೆ?

ಟ್ಯಾಪ್ ಕೈಗೆತ್ತಿಕೊಳ್ಳುವ ಮೊದಲು ಫ್ರೇಮ್‌ನಲ್ಲಿರುವ ಥ್ರೆಡ್ ಯಾವುದು ಅಂತ ಖಚಿತ ಮಾಡಿಕೊಳ್ಳಬೇಕು. ಇಲ್ಲಿ ಎಡವಿದರೆ ವಾಪಸ್ ದಾರಿ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಸಿಗೋದು ಬಿಎಸ್ಎ, ಇಂಗ್ಲಿಷ್ ಥ್ರೆಡ್ ಅಂತಲೂ ಕರೆಯುತ್ತಾರೆ. ಅಳತೆ 1.37 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್. ಶೆಲ್ ಅಗಲ ರಸ್ತೆ ಸೈಕಲ್‌ಗಳಲ್ಲಿ 68 ಮಿ.ಮೀ., ಮೌಂಟನ್ ಬೈಕ್‌ಗಳಲ್ಲಿ 68 ಅಥವಾ 73. ಇದರಲ್ಲಿ ಎಡಗಡೆ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುವ ಮಾಮೂಲಿ ಬಲ ಥ್ರೆಡ್, ಚೈನ್ ಇರುವ ಬಲಗಡೆ ಉಲ್ಟಾ, ಅಂದರೆ ಎಡ ಥ್ರೆಡ್. ಇಟಾಲಿಯನ್‌ನಲ್ಲಿ 36 ಮಿ.ಮೀ. ವ್ಯಾಸ, ಅದೇ ಇಂಚಿಗೆ 24, ಅಗಲ 70 ಮಿ.ಮೀ., ಎರಡೂ ಕಡೆ ಬಲ ಥ್ರೆಡ್. ಹಳೆ ಫ್ರೆಂಚ್ ಸೈಕಲ್‌ಗಳಲ್ಲಿ 35 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರ), ಅಲ್ಲೂ ಎರಡು ಕಡೆ ಬಲ. ಸ್ವಿಸ್ ಅಂದರೆ ಫ್ರೆಂಚ್ ಅಳತೆಯೇ, ಆದರೆ ಬಲಗಡೆ ಎಡ ಥ್ರೆಡ್. ಹಳೆಯ ರ‍್ಯಾಲಿ ಸೈಕಲ್‌ಗಳಲ್ಲಿ ಇಂಚಿಗೆ 26 ಥ್ರೆಡ್ ಇರುವ ಅವರದೇ ಅಳತೆ ಕಾಣಿಸುತ್ತದೆ. ಇತ್ತೀಚಿನ ದೊಡ್ಡ ಶೆಲ್‌ಗಳಲ್ಲಿ ಟಿ47: 47 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್, ಬಿಎಸ್ಎ ಥರವೇ ಬಲಗಡೆ ಎಡ ಥ್ರೆಡ್.

ಇದರಲ್ಲಿ ಒಂದು ಬಲೆ ಇದೆ. ಇಂಚಿಗೆ 24 ಅಂದರೆ ಒಂದು ಥ್ರೆಡ್‌ಗೆ 1.058 ಮಿ.ಮೀ. ಫ್ರೆಂಚ್ ಪಿಚ್ 1 ಮಿ.ಮೀ. ವ್ಯಾಸದಲ್ಲೂ ವ್ಯತ್ಯಾಸ ಬರೀ 0.2 ಮಿ.ಮೀ. ಹಾಗಾಗಿ ಹಳೆ ಫ್ರೆಂಚ್ ಶೆಲ್‌ನ ಎಡಗಡೆಗೆ ಬಿಎಸ್ಎ ಕಪ್ ಹಚ್ಚಿದರೆ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ನೋಡಿದವರಿಗೆ ಇದು ತುಕ್ಕು ಅನ್ನಿಸುತ್ತದೆ, ಟ್ಯಾಪ್ ಹಾಕಿ ಸರಿ ಮಾಡೋಣ ಅನ್ನಿಸುತ್ತದೆ. ಟ್ಯಾಪ್ ಹಾಕಿದರೆ ಒಳ್ಳೆ ಫ್ರೆಂಚ್ ಥ್ರೆಡ್ ಹೋಯಿತು. ಬಿಚ್ಚಿದ ಹಳೆ ಕಪ್ ಮೇಲೆ ಅಳತೆ ಕೆತ್ತಿದೆಯಾ ನೋಡಿ. ಇಲ್ಲದಿದ್ದರೆ ಶೆಲ್ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಹಳೆ ಕಪ್‌ನ ಹೊರವ್ಯಾಸ ಅಳೆಯಿರಿ, ಬಲಗಡೆ ಕಪ್ ಯಾವ ಕಡೆಗೆ ಬಿಚ್ಚಿತು ಅಂತ ನೆನಪಿಟ್ಟುಕೊಳ್ಳಿ. ಈ ಮೂರು ಸೇರಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ.

ಬಲಗಡೆ ಯಾಕೆ ಉಲ್ಟಾ ಥ್ರೆಡ್? ಮೇಲ್ನೋಟಕ್ಕೆ ಇದು ಅರ್ಥವಾಗಲ್ಲ. ಬಲಗಡೆಯಿಂದ ನೋಡಿದರೆ ಕ್ರ್ಯಾಂಕ್ ತಿರುಗೋದು ಗಡಿಯಾರದ ದಿಕ್ಕಿನಲ್ಲಿ. ಬೇರಿಂಗ್ ಉಜ್ಜಾಟ ಕಪ್ಪನ್ನೂ ಅದೇ ದಿಕ್ಕಿಗೆ ಎಳೆಯಬೇಕು, ಅಂದರೆ ಮಾಮೂಲಿ ಥ್ರೆಡ್ ತಾನಾಗೇ ಬಿಗಿಯಾಗಬೇಕು. ಆದರೆ ಆಗೋದು ತದ್ವಿರುದ್ಧ. ಒಂದು ಬಳೆಯೊಳಗೆ ಅದಕ್ಕಿಂತ ಸ್ವಲ್ಪವೇ ಚಿಕ್ಕದಾದ ನಾಣ್ಯ ಇಟ್ಟು, ಅಂಚಿಗೆ ಒತ್ತಿ ಬಲಸುತ್ತಾಗಿ ಉರುಳಿಸಿ. ನಾಣ್ಯ ಬಳೆಯೊಳಗೆ ಸುತ್ತೋದು ಬಲಕ್ಕೆ, ಆದರೆ ತನ್ನ ಸುತ್ತ ತಾನು ತಿರುಗೋದು ಎಡಕ್ಕೆ. ಶೆಲ್ ಒಳಗಿನ ಕಪ್ ಕೂಡ ಹಾಗೇ. ಥ್ರೆಡ್‌ನಲ್ಲಿ ಕೂದಲೆಳೆಯಷ್ಟು ಸಡಿಲ ಇರುತ್ತದೆ, ತುಳಿತದ ಒತ್ತಡ ಕಪ್‌ನ ಸುತ್ತ ಸರಿಯುತ್ತಾ ಹೋಗುತ್ತದೆ, ಕಪ್ ಇಷ್ಟಿಷ್ಟೇ ಹಿಂದಕ್ಕೆ ಉರುಳುತ್ತದೆ. ಬೇರಿಂಗ್ ಉಜ್ಜಾಟಕ್ಕಿಂತ ಇದರ ಬಲವೇ ಜಾಸ್ತಿ. ಬಲಗಡೆ ಉಲ್ಟಾ ಥ್ರೆಡ್ ಇದ್ದರೆ ಈ ಹಿಮ್ಮುಖ ಚಲನೆ ಕಪ್ಪನ್ನು ಬಿಗಿಗೊಳಿಸುತ್ತದೆ. ಇಟಾಲಿಯನ್ ಶೆಲ್‌ಗಳಲ್ಲಿ ಬಲಗಡೆ ಕಪ್ ಸಡಿಲಾಗುತ್ತದೆ ಅನ್ನೋ ದೂರು ಅಷ್ಟೊಂದು ಕೇಳಿಬರೋದು ಇದೇ ಕಾರಣಕ್ಕೆ.

ನೆನಪಿಡೋಕೆ ಒಂದು ಸುಲಭ ಉಪಾಯ ಇದೆ. ಬಿಎಸ್ಎ ಆಗಲಿ ಟಿ47 ಆಗಲಿ, ಯಾವ ಬದಿಯಲ್ಲಿ ನಿಂತರೂ ಸರಿ, ಸಾಧನದ ಮೇಲ್ಭಾಗವನ್ನು ಹಿಂದಿನ ಚಕ್ರದ ಕಡೆ ತಳ್ಳಿದರೆ ಬಿಗಿಯಾಗುತ್ತದೆ, ಮುಂದಿನ ಚಕ್ರದ ಕಡೆ ತಳ್ಳಿದರೆ ಸಡಿಲಾಗುತ್ತದೆ. ಕಪ್‌ಗೂ ಇದೇ, ಟ್ಯಾಪ್‌ಗೂ ಇದೇ.

ಸಾಧನ ನೋಡೋಕೆ ಹೇಗಿರುತ್ತದೆ

ಟ್ಯಾಪ್ ಸೆಟ್ ಅಂದರೆ ಎರಡು ದಪ್ಪ ಟ್ಯಾಪ್‌ಗಳು, ಎರಡಕ್ಕೂ ಉದ್ದನೆ ಅಡ್ಡ ಹಿಡಿಕೆ. ಒಂದರ ನಡುವಿನಿಂದ ನುಣುಪಾದ ಶಾಫ್ಟ್ ಹೊರಟು ಇನ್ನೊಂದರ ನಡುವಿನ ತೂತಿನೊಳಗೆ ಸರಿಯಾಗಿ ಕೂರುತ್ತದೆ. ಪಾರ್ಕ್ ಟೂಲ್‌ನ ಬಿಟಿಎಸ್-1, ಫ್ರಾನ್ಸ್‌ನ ವಾರ್, ಜರ್ಮನಿಯ ಸೈಕ್ಲಸ್, ಸ್ಲೊವೇನಿಯಾದ ಯೂನಿಯರ್, ಮರದ ಪೆಟ್ಟಿಗೆಯಲ್ಲಿ ಬರುತ್ತಿದ್ದ ಹಳೆ ಕಂಪನೊಲೊ ಸೆಟ್, ಎಲ್ಲದರ ಮೂಲ ತತ್ವ ಇದೇ.

ಈ ಶಾಫ್ಟ್ ಇಲ್ಲದೆ ಒಂದೊಂದೇ ಟ್ಯಾಪ್ ಹಾಕಿದರೆ ಏನಾಗುತ್ತದೆ? ಟ್ಯಾಪ್ ತನ್ನ ಪಾಡಿಗೆ ಥ್ರೆಡ್ ಕತ್ತರಿಸುತ್ತದೆ, ಥ್ರೆಡ್ ಚೆನ್ನಾಗಿಯೂ ಕಾಣಿಸುತ್ತದೆ. ಆದರೆ ಎಡಗಡೆಯದ್ದು ಒಂದು ಕಡೆ ನೋಡುತ್ತಿರುತ್ತದೆ, ಬಲಗಡೆಯದ್ದು ಇನ್ನೊಂದು ಕಡೆ. ಆಮೇಲೆ ಫೇಸಿಂಗ್ ಮಾಡಿದರೂ ಪ್ರಯೋಜನ ಇಲ್ಲ, ಯಾಕೆಂದರೆ ಫೇಸಿಂಗ್ ಕಟರ್ ಆಧಾರ ಹಿಡಿಯೋದು ಆ ಥ್ರೆಡ್ಡನ್ನೇ. ಶಾಫ್ಟ್ ಇದ್ದರೆ ಒಂದು ಟ್ಯಾಪ್ ಓರೆಯಾಗೋಕೆ ಹೊರಟಾಗ ಇನ್ನೊಂದು ಬಿಡೋದಿಲ್ಲ. ಹಾಗಾಗಿ ಹಳೆ ಸೆಟ್ ಕೊಳ್ಳುವಾಗ ಹಲ್ಲಿನ ಹರಿತ ಮಾತ್ರ ನೋಡಬೇಡಿ. ಶಾಫ್ಟನ್ನು ಇನ್ನೊಂದು ಟ್ಯಾಪ್‌ನಲ್ಲಿ ಹಾಕಿ ಅಲ್ಲಾಡಿಸಿ ನೋಡಿ. ಲೊಟಲೊಟ ಅಂದರೆ, ನನ್ನ ಪ್ರಕಾರ, ಆ ಸೆಟ್ ಬೇಡ. ಮೊಂಡಾದ ಟ್ಯಾಪ್ ಬದಲಿಸಬಹುದು, ಸವೆದ ಶಾಫ್ಟ್ ಇಟ್ಟುಕೊಂಡು ಮಾಡಿದ ಕೆಲಸವನ್ನು ನಂಬೋ ಹಾಗಿಲ್ಲ.

ಟ್ಯಾಪ್ ಹಾಕುವ ಕೆಲಸ

ಕೆಲಸದಲ್ಲಿ ಎರಡು ಬಗೆ. ಇರುವ ಥ್ರೆಡ್‌ನಿಂದ ಬಣ್ಣ, ತುಕ್ಕು, ಕೊಳೆ ತೆಗೆಯೋದು ಒಂದು. ಲೋಹವನ್ನೇ ಕತ್ತರಿಸಿ ಹೊಸ ಥ್ರೆಡ್ ಮಾಡೋದು ಇನ್ನೊಂದು. ಅಂಗಡಿಗಳಲ್ಲಿ ನಡೆಯೋದು ಬಹುಪಾಲು ಮೊದಲನೆಯದೇ. ಅಲ್ಲಿ ಟ್ಯಾಪ್ ಹೊಸ ದಾರಿ ಕೊರೆಯಬಾರದು, ಇದ್ದ ದಾರಿಯಲ್ಲೇ ಹೋಗಬೇಕು.

ಮೊದಲು ಎರಡು ಟ್ಯಾಪ್‌ಗಳಲ್ಲಿ ಯಾವುದು ಯಾವ ಬದಿಗೆ ಅಂತ ನೋಡಿ. ಮೇಲೆ ‘ಎಲ್’ ಅಂತ ಕೆತ್ತಿದ್ದರೆ ಅದು ಸೈಕಲ್ಲಿನ ಎಡ ಬದಿಯೋ, ಎಡ ಥ್ರೆಡ್ಡೋ ಅನ್ನೋ ಗೊಂದಲ ಆಗಿಯೇ ಆಗುತ್ತದೆ. ಅಕ್ಷರ ನಂಬುವುದಕ್ಕಿಂತ ಹಲ್ಲನ್ನು ನೋಡೋದು ಒಳ್ಳೆಯದು. ಟ್ಯಾಪನ್ನು ನೆಟ್ಟಗೆ ಹಿಡಿದು ನೋಡಿದಾಗ ಥ್ರೆಡ್ ಬಲಕ್ಕೆ ಏರುತ್ತಾ ಹೋದರೆ ಬಲ ಥ್ರೆಡ್, ಎಡಕ್ಕೆ ಏರುತ್ತಾ ಹೋದರೆ ಎಡ ಥ್ರೆಡ್. ಬಿಎಸ್ಎ ಫ್ರೇಮ್‌ನಲ್ಲಿ ಎಡಕ್ಕೆ ಏರುವ ಟ್ಯಾಪ್ ಚೈನ್ ಇರುವ ಬದಿಗೆ. ಅದಲುಬದಲಾದರೆ ಎರಡೂ ಬದಿಯ ಥ್ರೆಡ್ ಒಟ್ಟಿಗೇ ಹಾಳು.

ಶೆಲ್ ಒಳಗೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಟ್ಯಾಪ್‌ಗೂ ಥ್ರೆಡ್‌ಗೂ ಕಟಿಂಗ್ ಆಯಿಲ್ ಸುರಿಯಿರಿ. ಗ್ರೀಸ್ ಸಾಲದು. ಕಟಿಂಗ್ ಆಯಿಲ್ ಹರಿದುಹೋಗಿ ಹಲ್ಲಿನ ತುದಿಯನ್ನು ತಣ್ಣಗಿಡುತ್ತದೆ, ಚೂರುಗಳನ್ನೂ ತೊಳೆದುಕೊಂಡು ಹೋಗುತ್ತದೆ. ಶಾಫ್ಟ್ ಜೋಡಿಸಿ ಎರಡು ಟ್ಯಾಪ್‌ಗಳನ್ನೂ ಎರಡು ಬದಿಯಿಂದ ಶೆಲ್‌ಗೆ ತಾಗಿಸಿ. ಈಗ ಬಿಗಿಯುವ ದಿಕ್ಕಿಗೆ ತಿರುಗಿಸಬೇಡಿ. ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಹಂತದಲ್ಲಿ ಟ್ಯಾಪ್ ‘ಟಕ್’ ಅಂತ ಒಂದಿಷ್ಟು ಒಳಕ್ಕೆ ಬೀಳುತ್ತದೆ, ಹಿಡಿಕೆಯಲ್ಲೇ ಅದು ಗೊತ್ತಾಗುತ್ತದೆ. ಥ್ರೆಡ್‌ನ ಬಾಯಿ ಸಿಕ್ಕಿದ್ದು ಅಲ್ಲಿ. ಅಲ್ಲಿಂದ ಬಿಗಿಯುವ ದಿಕ್ಕಿಗೆ ಹೊರಡಿ. ಒಂದೆರಡು ಸುತ್ತು ಬೆರಳ ಬಲದಲ್ಲೇ ಹೋಗಬೇಕು. ಹೋಗದಿದ್ದರೆ ನಿಲ್ಲಿಸಿ, ವಾಪಸ್ ತೆಗೆದು ಮತ್ತೆ ಹುಡುಕಿ. ಇಲ್ಲಿ ಹಟ ಬೇಡ.

ಆಮೇಲೆ ಎಡಗಡೆ ಸ್ವಲ್ಪ, ಬಲಗಡೆ ಸ್ವಲ್ಪ, ಎರಡನ್ನೂ ಜೊತೆಜೊತೆಯಾಗಿ ಒಳಕ್ಕೆ ತರಬೇಕು. ಬಿಗಿ ಸಿಕ್ಕಿದ ಕಡೆ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಉದ್ದನೆ ಚೂರು ಮುರಿದು ಟ್ಯಾಪ್‌ನ ಕಾಲುವೆಯೊಳಗೆ ಬೀಳುತ್ತದೆ. ಹಾಗೆ ಮಾಡದೆ ಒಂದೇ ಸಮನೆ ಒತ್ತಿಕೊಂಡು ಹೋದರೆ ಆ ಚೂರು ಹಲ್ಲಿಗೂ ಥ್ರೆಡ್‌ಗೂ ನಡುವೆ ಸಿಕ್ಕಿಕೊಂಡು ಗೀರು ಹಾಕುತ್ತದೆ. ಎಷ್ಟು ಆಳ? ಒಂದು ಸುತ್ತಿಗೆ ಸುಮಾರು 1.06 ಮಿ.ಮೀ. ಅಂದಮೇಲೆ 10 ಮಿ.ಮೀ. ಆಳಕ್ಕೆ ಒಂಬತ್ತೂವರೆ ಸುತ್ತು ಸಾಕು. ಹಾಕಬೇಕಾದ ಕಪ್‌ನ ಥ್ರೆಡ್ ಎಷ್ಟು ಉದ್ದ ಇದೆ ಅಂತ ಅಳೆದು, ಅದಕ್ಕಿಂತ ಚೂರು ಜಾಸ್ತಿ ಹೋದರೆ ಸರಿ. ಒಳಗೆ ಕೇಬಲ್ ಹಾದುಹೋಗುವ ಫ್ರೇಮ್ ಆದರೆ ಕೇಬಲ್ಲನ್ನು ಮೊದಲೇ ತೆಗೆದಿಡಿ. ಟ್ಯಾಪ್‌ಗೆ ಕೇಬಲ್ ಯಾವುದು, ಲೋಹ ಯಾವುದು ಅಂತ ಗೊತ್ತಾಗಲ್ಲ.

ಲೋಹಕ್ಕೆ ತಕ್ಕಂತೆ ಕೈ ಬದಲಾಗಬೇಕು. ಉಕ್ಕು ಹೇಳಿದ ಮಾತು ಕೇಳುತ್ತದೆ. ಅಲ್ಯೂಮಿನಿಯಂ ಮೆತ್ತಗೆ, ಬೇಗ ಕತ್ತರಿಸುತ್ತದೆ, ಆದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಆಗಾಗ ಒರೆಸುತ್ತಿರಬೇಕು. ಸ್ಟೇನ್‌ಲೆಸ್ ಮತ್ತು ಟೈಟಾನಿಯಂ ಹಾಗಲ್ಲ. ಮೊಂಡ ಟ್ಯಾಪ್‌ನಲ್ಲಿ ಸುಮ್ನೆ ಉಜ್ಜಿದರೆ ಸ್ಟೇನ್‌ಲೆಸ್ ಕತ್ತರಿಸೋದರ ಬದಲು ಇನ್ನೂ ಗಟ್ಟಿಯಾಗುತ್ತದೆ. ಟೈಟಾನಿಯಂ ಶಾಖವನ್ನು ಬೇಗ ಬಿಟ್ಟುಕೊಡಲ್ಲ, ಹಲ್ಲಿನ ತುದಿಯೇ ಸುಡುತ್ತದೆ. ಇವಕ್ಕೆ ಹರಿತವಾದ ಟ್ಯಾಪ್, ಧಾರಾಳ ಎಣ್ಣೆ, ನಿಧಾನ ಕೈ ಬೇಕು.

ಬರೀ ಬಣ್ಣ ತೆಗೆಯೋಕೆ ಇಷ್ಟು ದೊಡ್ಡ ಸೆಟ್ ಬೇಕಾ? ಎಲ್ಲ ಸಲವೂ ಬೇಡ. ಬಹಳ ಮೆಕ್ಯಾನಿಕ್‌ಗಳು ಬಳಸುವ ಹಳೆ ಉಪಾಯ ಒಂದಿದೆ. ಅದೇ ಅಳತೆಯ ಹಳೆ ಉಕ್ಕಿನ ಕಪ್ ತೆಗೆದುಕೊಂಡು, ಅದರ ಥ್ರೆಡ್‌ಗೆ ಅಡ್ಡಲಾಗಿ ಹ್ಯಾಕ್ಸಾ ಬ್ಲೇಡಿನಲ್ಲಿ ಮೂರು ನಾಲ್ಕು ಗೀರು ಕೊಯ್ಯುತ್ತಾರೆ. ಗೀರಿನ ಅಂಚುಗಳನ್ನು ಸಣ್ಣ ಅರದಲ್ಲಿ ಸವರುತ್ತಾರೆ. ಎಣ್ಣೆ ಹಾಕಿ ಆ ಕಪ್ಪನ್ನು ತಿರುಗಿಸುತ್ತಾ ಹೋದರೆ ಬಣ್ಣ, ತುಕ್ಕು ಗೀರಿನೊಳಗೆ ತುಂಬಿಕೊಳ್ಳುತ್ತದೆ. ತೆಗೆದು ಒರೆಸಿ, ಮತ್ತೆ ಹಾಕೋದು. ಇದು ಲೋಹ ಕತ್ತರಿಸಲ್ಲ, ಹಾಗಾಗಿ ಥ್ರೆಡ್ಡನ್ನು ಕೆಡಿಸುವ ಭಯವೂ ಕಡಿಮೆ. ಸೊಟ್ಟಗಿರುವ ಥ್ರೆಡ್ಡನ್ನು ಇದು ನೇರ ಮಾಡೋದಿಲ್ಲ ಅನ್ನೋದೂ ನಿಜ.

ಫೇಸಿಂಗ್

ಥ್ರೆಡ್ ಮುಗಿದ ಮೇಲೆಯೇ ಮುಖ. ಈ ಕ್ರಮ ಬದಲಾಗಬಾರದು, ಯಾಕೆಂದರೆ ಮುಖ ಯಾವುದಕ್ಕೆ 90 ಡಿಗ್ರಿ ಇರಬೇಕೋ ಆ ಗೆರೆಯನ್ನು ಕೊಡೋದೇ ಥ್ರೆಡ್. ಕೆಲವು ಸೆಟ್‌ಗಳಲ್ಲಿ ಎದುರು ಬದಿಯಲ್ಲಿ ಟ್ಯಾಪನ್ನೇ ಬಿಟ್ಟು ಅದರ ಆಧಾರದಲ್ಲಿ ಕಟರ್ ತಿರುಗಿಸುತ್ತಾರೆ. ಇನ್ನು ಕೆಲವದರಲ್ಲಿ ಥ್ರೆಡ್ ಇರುವ ಬುಶ್‌ಗಳನ್ನು ಶೆಲ್‌ಗೆ ತಿರುಗಿಸಿ, ಅವುಗಳ ನಡುವೆ ಶಾಫ್ಟ್ ಹಾಯಿಸುತ್ತಾರೆ. ಕಟರ್ ಅಂದರೆ ಶೆಲ್‌ನ ಮುಖಕ್ಕಿಂತ ಸ್ವಲ್ಪ ಅಗಲವಾದ ಹಲ್ಲಿನ ಬಿಲ್ಲೆ. ಸ್ಪ್ರಿಂಗ್ ಅಥವಾ ನಟ್‌ನಿಂದ ಅದಕ್ಕೆ ಒಂದೇ ಸಮನಾದ ಒತ್ತಡ ಕೊಡಬಹುದು.

ಶುರು ಮಾಡುವ ಮೊದಲು ಮುಖದ ಸುತ್ತ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬಳಿಯಿರಿ. ಇದು ಸಣ್ಣ ಕೆಲಸ, ಆದರೆ ಎಲ್ಲವನ್ನೂ ಹೇಳುತ್ತದೆ. ಎಣ್ಣೆ ಹಾಕಿ, ಹಗುರ ಒತ್ತಡದಲ್ಲಿ ಎರಡು ಸುತ್ತು ತಿರುಗಿಸಿ ಕಟರ್ ಹಿಂದಕ್ಕೆ ಎಳೆದು ನೋಡಿ. ಸೊಟ್ಟ ಮುಖವಾಗಿದ್ದರೆ ಒಂದು ಬದಿಯಲ್ಲಿ ಮಾತ್ರ ಉಗುರಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿರುತ್ತದೆ, ಉಳಿದ ಕಡೆ ಮಾರ್ಕರ್ ಬಣ್ಣ ಹಾಗೇ ಇರುತ್ತದೆ. ಎತ್ತರದ ಬದಿ ಯಾವುದು ಅಂತ ಈಗ ಗೊತ್ತಾಯಿತು. ಇನ್ನೂ ಕೆಲವು ಸುತ್ತು ಹಾಕಿದರೆ ಹೊಳಪು ಎರಡೂ ಕಡೆಗೆ ಹಬ್ಬಿ ಅರ್ಧಚಂದ್ರ ಆಗುತ್ತದೆ. ಕೊನೆಗೆ ಎರಡು ತುದಿ ಕೂಡಿಕೊಂಡು ಪೂರ್ತಿ ಬೆಳ್ಳಿ ಉಂಗುರ. ಅಲ್ಲಿಗೆ ನಿಲ್ಲಿಸಿ. ನೋಡೋಕೆ ಚೆನ್ನಾಗಿದೆ ಅಂತ ಇನ್ನೂ ನಾಲ್ಕು ಸುತ್ತು ಹಾಕೋ ಆಸೆ ಬರುತ್ತದೆ. ಹೋದ ಲೋಹ ವಾಪಸ್ ಬರಲ್ಲ, ಶೆಲ್ ಅಗಲ ಕಡಿಮೆಯಾಗುತ್ತಾ ಹೋಗುತ್ತದೆ.

ಟ್ಯಾಪ್‌ನಲ್ಲಿ ಹಿಂದೆ ಮುಂದೆ ಮಾಡಬೇಕು ಅಂದೆನಲ್ಲ, ಫೇಸಿಂಗ್ ಕಟರ್‌ನಲ್ಲಿ ಅದು ಸಲ್ಲದು. ಹಿಂದಕ್ಕೆ ತಿರುಗಿಸಿದರೆ ಹಲ್ಲಿನ ತುದಿ ಮೊಂಡಾಗುತ್ತದೆ, ಮುಖದ ಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಕತ್ತರಿಸುವ ದಿಕ್ಕಿಗೆ ಮಾತ್ರ, ನಡುವೆ ನಿಲ್ಲಿಸದೆ. ಮುಗಿಸುವಾಗ ಕಟರ್ ತಿರುಗುತ್ತಿರುವಂತೆಯೇ ಒತ್ತಡ ಕಡಿಮೆ ಮಾಡುತ್ತಾ ಬನ್ನಿ. ಒತ್ತಿ ಹಿಡಿದು ಗಕ್ಕನೆ ನಿಂತರೆ ಅಲ್ಲೊಂದು ಸಣ್ಣ ಮೆಟ್ಟಿಲು ಉಳಿಯುತ್ತದೆ. ಆಮೇಲೆ ಅಂಚಿನಲ್ಲಿ ಉಳಿದ ಚೂಪು ಚೂರುಗಳನ್ನು (ಬರ್) ಅರದಲ್ಲಿ ಹಗುರವಾಗಿ ಸವರಿ.

ಇಲ್ಲಿ ವರ್ನಿಯರ್ ಬಗ್ಗೆ ಒಂದು ಮಾತು. ಶೆಲ್ ಅಗಲವನ್ನು ಸುತ್ತಲೂ ನಾಲ್ಕು ಕಡೆ ಅಳೆದು, ಎಲ್ಲ ಕಡೆ ಒಂದೇ ಬಂತು, ಫೇಸಿಂಗ್ ಬೇಡ ಅನ್ನುವವರಿದ್ದಾರೆ. ಅಳತೆ ಬೇರೆ ಬೇರೆ ಬಂದರೆ ತೊಂದರೆ ಇದೆ ಅನ್ನೋದು ಖಂಡಿತ. ಒಂದೇ ಬಂದರೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ. ಎರಡೂ ಮುಖಗಳು ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ವಾಲಿದ್ದರೆ ಅವು ಒಂದಕ್ಕೊಂದು ಸಮಾಂತರವಾಗಿಯೇ ಇರುತ್ತವೆ, ವರ್ನಿಯರ್ ಎಲ್ಲ ಕಡೆ 68 ತೋರಿಸುತ್ತದೆ, ಕಪ್‌ಗಳು ಮಾತ್ರ ಎರಡೂ ಸೊಟ್ಟ. ಥ್ರೆಡ್‌ಗೆ ಹೋಲಿಸಿ ಮುಖ ಹೇಗಿದೆ ಅಂತ ಹೇಳೋದು ಥ್ರೆಡ್ ಹಿಡಿದುಕೊಂಡು ತಿರುಗುವ ಸಾಧನ ಮಾತ್ರ. ಅದಕ್ಕೇ ಮಾರ್ಕರ್ ಬಳಿದು ಕಟರನ್ನು ಒಂದು ಸುತ್ತು ಹಗುರ ತಾಗಿಸೋದು, ಕತ್ತರಿಸುವ ಉದ್ದೇಶ ಇಲ್ಲದಿದ್ದರೂ, ಒಳ್ಳೆ ಪರೀಕ್ಷೆ.

ಅಗಲ ಎಷ್ಟು ಉಳಿಯಿತು ಅಂತ ಕೊನೆಗೆ ಅಳೆದು ಬರೆದಿಟ್ಟುಕೊಳ್ಳಿ. ಶಿಮಾನೊ ಮೌಂಟನ್ ಕ್ರ್ಯಾಂಕ್‌ಗಳಲ್ಲಿ 68ರ ಶೆಲ್‌ಗೆ 2.5 ಮಿ.ಮೀ.ನ ಮೂರು ಸ್ಪೇಸರ್ (ಕಪ್‌ಗೂ ಶೆಲ್‌ಗೂ ನಡುವೆ ಹಾಕುವ ರಿಂಗ್), 73ರ ಶೆಲ್‌ಗೆ ಒಂದು. ಎರಡರಲ್ಲೂ ಒಟ್ಟು 75.5 ಆಗಬೇಕು ಅನ್ನೋದು ಲೆಕ್ಕ. ಶೆಲ್ಲಿನಿಂದ ಸವೆಸಿದ್ದಷ್ಟೂ ಈ ಲೆಕ್ಕದಲ್ಲಿ ಕಡಿಮೆ ಬೀಳುತ್ತದೆ.

ತೊಳೆಯೋದು

ಇದನ್ನು ಹೇಳದಿದ್ದರೆ ಮೇಲಿನದ್ದೆಲ್ಲ ದಂಡ. ಕತ್ತರಿಸಿದ ಲೋಹದ ಚೂರು ಶೆಲ್‌ನಲ್ಲಿ ಮಾತ್ರ ಇರಲ್ಲ, ಚೈನ್ ಸ್ಟೇ ಒಳಗೆ, ಡೌನ್ ಟ್ಯೂಬ್ ಒಳಗೆ ಹೋಗಿ ಕೂತಿರುತ್ತದೆ. ಸೈಕಲ್ ಓಡಿಸುವಾಗ ಅಲುಗಾಡಿ ವಾಪಸ್ ಬಂದು ಹೊಸ ಬೇರಿಂಗ್‌ಗೆ ಸೇರುತ್ತದೆ. ಫ್ರೇಮನ್ನು ಎಲ್ಲ ಕಡೆಗೆ ಓರೆ ಮಾಡಿ ಬಡಿದು, ಡಿಗ್ರೀಸರ್ ಹಾಕಿ ತೊಳೆದು, ಬ್ರಶ್ಶಿನಿಂದ ಥ್ರೆಡ್ ತಿಕ್ಕಿ, ಗಾಳಿ ಹಾಯಿಸಿ ಒಣಗಿಸಬೇಕು. ಕಟರ್ ಬಣ್ಣ ತೆಗೆದ ಮುಖ ಈಗ ಬರಿ ಲೋಹ. ಉಕ್ಕಾದರೆ ತಕ್ಷಣ ತುಕ್ಕು ಹಿಡಿಯೋಕೆ ಕಾಯುತ್ತಿರುತ್ತದೆ. ಮುಖಕ್ಕೂ ಥ್ರೆಡ್‌ಗೂ ಗ್ರೀಸ್ ಹಚ್ಚಿ. ಟೈಟಾನಿಯಂ ಶೆಲ್‌ಗೆ ಆಂಟಿ ಸೀಜ್ ಪೇಸ್ಟ್ ಹಚ್ಚೋದು ಒಳ್ಳೆಯದು, ಇಲ್ಲದಿದ್ದರೆ ಅಲ್ಯೂಮಿನಿಯಂ ಕಪ್ ಅಲ್ಲೇ ಕಚ್ಚಿಕೊಂಡುಬಿಡುತ್ತದೆ.

ಯಾವುದನ್ನು ಮುಟ್ಟಬಾರದು, ಹೋದರೆ ಏನು

ಕಾರ್ಬನ್ ಫ್ರೇಮ್‌ಗೆ ಈ ಸಾಧನ ಹಚ್ಚುವ ಮೊದಲು ತಯಾರಕರ ಸೂಚನೆ ಓದಿ. ಥ್ರೆಡ್ ಇರುವ ಕಾರ್ಬನ್ ಫ್ರೇಮ್‌ಗಳಲ್ಲಿ ಸಾಮಾನ್ಯವಾಗಿ ಒಳಗೊಂದು ತೆಳು ಅಲ್ಯೂಮಿನಿಯಂ ಕೊಳವೆಯನ್ನು ಅಂಟಿಸಿರುತ್ತಾರೆ. ಟ್ಯಾಪ್‌ನ ಹಿಡಿಕೆ ಉದ್ದ, ಅದರಲ್ಲಿ ಬರುವ ಬಲ ದೊಡ್ಡದು. ಅಂಟು ಬಿಟ್ಟರೆ ಕೊಳವೆಯೇ ತಿರುಗೋಕೆ ಶುರುವಾಗುತ್ತದೆ. ಕಪ್ ಕೈಯಲ್ಲೇ ಸಲೀಸಾಗಿ ಪೂರ್ತಿ ಒಳಗೆ ಹೋಗುತ್ತಿದ್ದರೆ, ಮುಖದಲ್ಲಿ ಬಣ್ಣ ಇಲ್ಲದಿದ್ದರೆ, ಬೇರಿಂಗ್‌ಗಳು ಬಾಳಿಕೆ ಬರುತ್ತಿದ್ದರೆ ಯಾವ ಫ್ರೇಮ್ ಆದರೂ ಸುಮ್ನೆ ಬಿಟ್ಟುಬಿಡಿ. ಇದು ವರ್ಷ ವರ್ಷ ಮಾಡುವ ಸರ್ವಿಸ್ ಅಲ್ಲ. ಹೊಸ ಫ್ರೇಮ್‌ಗೆ ಒಂದು ಸಲ, ಬಣ್ಣ ಬಳಿಸಿದಾಗ ಇನ್ನೊಂದು ಸಲ. ಬೇರೆ ಏನಾದರೂ ಅನಾಹುತ ಆಗದಿದ್ದರೆ ಅಷ್ಟು ಸಾಕು.

ಅನಾಹುತ ಆದರೆ? ಬಿಎಸ್ಎ ಥ್ರೆಡ್ ಪೂರ್ತಿ ಕಿತ್ತುಹೋದ ಉಕ್ಕಿನ ಶೆಲ್ಲನ್ನು ಇಟಾಲಿಯನ್‌ಗೆ ಬದಲಿಸೋದು ಹಳೆ ಪರಿಹಾರ. 1.37 ಇಂಚು ಅಂದರೆ 34.8 ಮಿ.ಮೀ., ಇಟಾಲಿಯನ್ 36. ಹೊಸ ಥ್ರೆಡ್‌ನ ತಲೆ ಹೆಚ್ಚುಕಡಿಮೆ ಹಳೆಯದರ ತಳ ಇದ್ದ ಜಾಗಕ್ಕೆ ಬರುತ್ತದೆ, ಹಳೆ ಗುರುತು ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಬದಲಿಗೆ ಗೋಡೆ ಸುತ್ತಲೂ 0.6 ಮಿ.ಮೀ. ತೆಳುವಾಗುತ್ತದೆ, ಶೆಲ್ ಅಗಲ 70 ಬದಲು 68 ಇರುತ್ತದೆ, ಬಲಗಡೆ ಕಪ್ ಸಡಿಲಾಗುವ ಇಟಾಲಿಯನ್ ಕಾಯಿಲೆಯೂ ಜೊತೆಗೆ ಬರುತ್ತದೆ. ಇದೇ ಜಾಣತನ ಟಿ47ರಲ್ಲೂ ಇದೆ. ಒತ್ತಿ ಕೂರಿಸುವ ಪಿಎಫ್30 ಶೆಲ್‌ನ ಒಳವ್ಯಾಸ 46 ಮಿ.ಮೀ., ಅದು 47ರ ಟ್ಯಾಪ್‌ಗೆ ಹೇಳಿ ಮಾಡಿಸಿದಂತಿದೆ. ಹಾಗಾಗಿ ಕಿರಿಕಿರಿ ಮಾಡುವ ಲೋಹದ ಪಿಎಫ್30 ಶೆಲ್‌ಗೆ, ಗೋಡೆ ಸಾಕಷ್ಟು ದಪ್ಪ ಇದ್ದರೆ, ಥ್ರೆಡ್ ಹಾಕಿಬಿಡಬಹುದು. ಕಾರ್ಬನ್‌ಗೆ ಇದು ಆಗದ ಮಾತು.

ಥ್ರೆಡ್ ಬೇಡವೇ ಬೇಡ ಅನ್ನುವ ದಾರಿಯೂ ಇದೆ. ಎರಡು ಕಪ್‌ಗಳು ಶೆಲ್‌ನೊಳಗೆ ಒಂದಕ್ಕೊಂದು ಬಿಗಿದುಕೊಂಡು ನಿಲ್ಲುವ ಥ್ರೆಡ್‌ಲೆಸ್ ಯುನಿಟ್‌ಗಳು ಸಿಗುತ್ತವೆ. ಮಾವಿಕ್ ಕಂಪನಿ ಹಿಂದೆ ಇನ್ನೊಂದು ಬಗೆ ಮಾಡಿತ್ತು: ಶೆಲ್‌ನ ಎರಡು ತುದಿಯ ಒಳ ಅಂಚನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಅಲ್ಲಿಗೆ ಹೊಂದುವ ರಿಂಗ್‌ಗಳಿಂದ ಯುನಿಟ್ಟನ್ನು ಎರಡು ಬದಿಯಿಂದ ಬಿಗಿಯೋದು. ಆ ಓರೆ ಕತ್ತರಿಸೋಕೆ ಅವರದೇ ಕಟರ್ ಬೇಕಿತ್ತು, ಈಗ ಅದು ಸಿಗೋದು ಅಪರೂಪ. ಸಿಕ್ಕರೆ ಅದರಲ್ಲೂ ಮೊದಲು ನೋಡಬೇಕಾದ್ದು ಶಾಫ್ಟ್ ಅಲ್ಲಾಡುತ್ತದಾ ಅಂತಲೇ.